ಅನ್ನವೂ ಬೇಕು, ಮಾತೂ ಬೇಕು

ಬಂಡವಾಳಶಾಹಿ ಮೇಲೋ, ಸಮಾಜವಾದ ಮೇಲೋ? ಜರ್ಮನಿಯ ಮಹಿಳೆಯರು ಎರಡನ್ನೂ ಕಂಡವರು.

1949ರಲ್ಲಿ ಆ ದೇಶ ಇಬ್ಭಾಗವಾಯಿತು. ಸಮಾಜವಾದಿ ಪೂರ್ವ ಜರ್ಮನಿಯಲ್ಲಿ ಕಾಲಕ್ರಮೇಣ ಹೆಚ್ಚಿನ ಮಹಿಳೆಯರಿಗೆ ಉದ್ಯೋಗ, ಮಕ್ಕಳಿಗೆ ಶಿಶುವಿಹಾರ ದೊರೆಯಿತು. ಆದರೆ ಒಂದು ಕಾರಿಗಾಗಿ ಹತ್ತು ವರ್ಷಕ್ಕೂ ಮಿಕ್ಕಿ ಕಾಯಬೇಕಿತ್ತು. ಸರಕಾರವನ್ನು ಟೀಕಿಸಿದವರಿಗೆ ಜೈಲಿನ ಭಯವಿತ್ತು. ಬಂಡವಾಳಶಾಹಿ ಪಶ್ಚಿಮ ಜರ್ಮನಿಯಲ್ಲಿ ಅಂಗಡಿಗಳು ತುಂಬಿದ್ದವು, ಮಾತಿಗೆ ಸ್ವಾತಂತ್ರ್ಯವಿತ್ತು. ಆದರೆ ಸಂಸಾರದ ಹೊಣೆಗೆ ಅಡ್ಡಿಯಾಗದಿದ್ದರೆ ಮಾತ್ರ ಪತ್ನಿ ಹೊರಗೆ ದುಡಿಯಬಹುದೆಂಬ ಕಾನೂನು 1977ರ ವರೆಗೂ ಉಳಿದಿತ್ತು.

1990ರಲ್ಲಿ ಎರಡೂ ಒಂದಾದವು. ಪೂರ್ವದ ಅಂಗಡಿಗಳು ತುಂಬಿದವು, ಕಾರ್ಖಾನೆಗಳು ಮುಚ್ಚಿದವು. ಲಕ್ಷಾಂತರ ಮಹಿಳೆಯರು ಕೆಲಸ ಕಳಕೊಂಡರು.

ಅರ್ಥವ್ಯವಸ್ಥೆಯನ್ನು ಅದರ ಘೋಷಣೆಗಳಿಂದ ಅಳೆಯಬಾರದು. ಸಂಸಾರ ತೂಗಿಸುವವಳಿಗೆ ಅಲ್ಲಿ ದುಡಿಮೆ, ಅನ್ನ ಮತ್ತು ನಿರ್ಭೀತಿಯ ಮಾತು ಮೂರೂ ದಕ್ಕುತ್ತವೆಯೇ ಎಂದು ಕೇಳಬೇಕು.