ಧ್ವನಿಸುರುಳಿ ಹೋಯಿತು, ಕವಿಯ ಹೆಸರು?

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿಕೊಂಡಾಗ, ಶಾಲೆಯ ಚರಿತ್ರೆಯನ್ನು ಬರೆಯಲು ನನಗಿಂತ ಸಮರ್ಥರು ಇದ್ದಾರೆಂದು ಹೇಳಿ ತಪ್ಪಿಸಿಕೊಳ್ಳಲು ನೋಡಿದೆ. ಆದರೆ ಮಹೋತ್ಸವದ ಗಾಯನದ ಅಭ್ಯಾಸ ನೋಡಲು ಹೋಗಿದ್ದ ದಿನ ನಡೆದ ಒಂದು ಸಣ್ಣ ಸಂಗತಿ ನನ್ನನ್ನು ಬರೆಯಲು ಕೂರಿಸಿದೆ.

ಎಂಟನೆಯ ತರಗತಿಯ ಬಾಲಕಿಯೊಬ್ಬಳು ಒಂದು ಭಾವಗೀತೆಯನ್ನು ಬಹಳ ಸೊಗಸಾಗಿ ಹಾಡಿದಳು. ಉಚ್ಚಾರದಲ್ಲಿ ಒಂದು ತಪ್ಪೂ ಇರಲಿಲ್ಲ. ಗೋವೆಯಲ್ಲಿ ಹುಟ್ಟಿ, ಬೀದಿಯಲ್ಲಿ ಕೊಂಕಣಿ-ಹಿಂದಿ ಮಾತನಾಡುತ್ತ ಬೆಳೆದ ಮಗುವಿನ ಬಾಯಲ್ಲಿ ಅಂತಹ ಕನ್ನಡ ಕೇಳಿ ಕಣ್ಣು ತೇವವಾಯಿತು. "ಮಗೂ, ಈ ಹಾಡು ಯಾರದಮ್ಮ?" ಎಂದೆ. ಅವಳು ಗಾಯಕರ ಹೆಸರು ಹೇಳಿದಳು. "ಅದು ಸರಿ, ಬರೆದವರು ಯಾರು?" ಎಂದೆ. ಅವಳು ಟೀಚರಿನ ಮೊಬೈಲು ತೆಗೆದುಕೊಂಡು ನೋಡಿದಳು. ಅಲ್ಲಿ ಹಾಡಿನ ಹೆಸರಿತ್ತು, ಒಂದು ಚಿತ್ರವಿತ್ತು, ಗಾಯಕರ ಹೆಸರಿತ್ತು, ಕಂಪನಿಯ ಹೆಸರೂ ಇತ್ತು. "ಇದರಾಗ ಬರೆದವರ ಹೆಸರು ಇಲ್ಲ ಸರ್" ಎಂದಳು. ಅಷ್ಟರಲ್ಲಿ ಹಿಂದೆ ನಿಂತಿದ್ದ ಅವಳ ತಂದೆ, ನನ್ನ ಹಳೆಯ ವಿದ್ಯಾರ್ಥಿ, "ಕೆ.ಎಸ್. ನರಸಿಂಹಸ್ವಾಮಿ ಸರ್, ಮೈಸೂರ ಮಲ್ಲಿಗೆ" ಎಂದು ತಟ್ಟನೆ ಹೇಳಿದ. ನಿನಗೆ ಹೇಗೆ ಗೊತ್ತಪ್ಪ ಎಂದು ಕೇಳಿದರೆ, "ನೀವೇ ತೋರಿಸಿದ್ರಲ್ಲ ಸರ್, ಕ್ಯಾಸೆಟ್ಟಿನ ಡಬ್ಬಿಯೊಳಗಿನ ಕಾಗದದಾಗ ಇತ್ತು" ಎಂದ.

ಎರಡು ತಲೆಮಾರುಗಳ ನಡುವೆ ಕಳೆದುಹೋದದ್ದು ಆ ಮಡಿಚಿದ ಕಾಗದ. ಅದು ಹೇಗೆ ಬಂತು, ಹೇಗೆ ಹೋಯಿತು, ಹೋದದ್ದರಿಂದ ನಮಗೇನು ನಷ್ಟ ಎಂಬುದನ್ನು ನನಗೆ ತಿಳಿದ ಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ಆಲ್ಬಮ್ ಎಂಬ ಹೆಸರು

ಹಾಡುಗಳ ಸಂಕಲನಕ್ಕೆ ಆಲ್ಬಮ್ ಎಂಬ ಹೆಸರು ಬಂದದ್ದಕ್ಕೆ ಒಂದು ಕಾರಣವಿದೆ. ಭಾರತದಲ್ಲಿ ವಾಣಿಜ್ಯ ಧ್ವನಿಮುದ್ರಣ ಮೊದಲಾದದ್ದು 1902ರಲ್ಲಿ, ಕಲಕತ್ತೆಯಲ್ಲಿ. ಗೌಹರ್ ಜಾನ್ ಅವರು ಹಾಡಿದ್ದು ಆಗಲೇ. ಅಂದಿನ ಗ್ರಾಮಫೋನು ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು; ಒಂದು ಬದಿಗೆ ಮೂರು-ಮೂರೂವರೆ ನಿಮಿಷ ಮಾತ್ರ ಹಾಡು ಹಿಡಿಯುತ್ತಿತ್ತು. ಹೆಚ್ಚು ಹಾಡುಗಳು ಬೇಕೆಂದರೆ ಹಲವು ತಟ್ಟೆಗಳನ್ನು ಕಾಗದದ ಚೀಲಗಳಲ್ಲಿಟ್ಟು ಪುಸ್ತಕದಂತೆ ಒಂದೇ ರಟ್ಟಿನೊಳಗೆ ಕಟ್ಟಿ ಮಾರುತ್ತಿದ್ದರು. ಭಾವಚಿತ್ರಗಳ ಆಲ್ಬಮ್ಮಿನಂತೆ ಕಾಣುತ್ತಿದ್ದುದರಿಂದ ಅದೇ ಹೆಸರು ಅಂಟಿಕೊಂಡಿತು. 1948ರಲ್ಲಿ ನಿಮಿಷಕ್ಕೆ 33 ಸುತ್ತು ಚಿಲ್ಲರೆ ತಿರುಗುವ ಲಾಂಗ್ ಪ್ಲೇ ತಟ್ಟೆ ಬಂದ ಮೇಲೆ ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಾಲ ಹಾಡು ಹಿಡಿಯತೊಡಗಿತು. ಕಟ್ಟು ಹೋಯಿತು, ಹೆಸರು ಉಳಿಯಿತು.

ತಟ್ಟೆಯ ಕಾಲದಲ್ಲೇ ಪಿ. ಕಾಳಿಂಗರಾಯರು ಆಧುನಿಕ ಕವಿಗಳ ರಚನೆಗಳನ್ನು ಹಾಡಿ ಮನೆಮನೆಗೆ ತಲುಪಿಸಿದ್ದರು. ಆದರೆ ಗ್ರಾಮಫೋನು ಉಳ್ಳವರ ಮನೆಯ ವಸ್ತು. ಕೂಲಿಕಾರನ ಮನೆಗೂ ಹಾಡನ್ನು ತಂದದ್ದು ಧ್ವನಿಸುರುಳಿ, ಅಂದರೆ ಕ್ಯಾಸೆಟ್ಟು. ಫಿಲಿಪ್ಸ್ ಕಂಪನಿ 1963ರಲ್ಲಿ ಅದನ್ನು ಹೊರತಂದಿತು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅರುವತ್ತು ನಿಮಿಷದ ಸುರುಳಿಯಾದರೆ ಬದಿಗೆ ಮೂವತ್ತು ನಿಮಿಷ. ಕೆಳಗೆ ಬಿದ್ದರೂ ಒಡೆಯುತ್ತಿರಲಿಲ್ಲ.

ಕನ್ನಡಕ್ಕೆ ಬಂದ ಸುಗ್ಗಿ

ಕನ್ನಡದ ಮಟ್ಟಿಗೆ 1978 ಮುಖ್ಯವಾದ ವರ್ಷ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಆ ವರ್ಷ ಹೊರಬಂದಿತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಅದನ್ನು ಗುರುತಿಸುತ್ತಾರೆ. ಅನಂತರ ಸಿ. ಅಶ್ವತ್ಥ್ ಅವರು ಶಿಶುನಾಳ ಶರೀಫರ ತತ್ವಪದಗಳನ್ನೂ, 1942ರಲ್ಲಿ ಪ್ರಕಟವಾಗಿದ್ದ 'ಮೈಸೂರ ಮಲ್ಲಿಗೆ'ಯ ಕವಿತೆಗಳನ್ನೂ ಜನರ ನಾಲಗೆಯ ಮೇಲೆ ತಂದರು. ಶಿವಮೊಗ್ಗ ಸುಬ್ಬಣ್ಣ, ರತ್ನಮಾಲಾ ಪ್ರಕಾಶ್ ಮೊದಲಾದವರ ಕಂಠಗಳು ಮನೆಮಾತಾದವು. ಭೀಮಸೇನ ಜೋಶಿಯವರ ದಾಸರ ಪದಗಳು ಉತ್ತರ ಕರ್ನಾಟಕದ ಮನೆಗಳಲ್ಲಿ ಬೆಳಗಿನ ಪೂಜೆಯ ಭಾಗವೇ ಆದವು. ಚಲನಚಿತ್ರದ ಕಡೆ 1987ರ 'ಪ್ರೇಮಲೋಕ' ಹಂಸಲೇಖ ಅವರ ಹಾಡುಗಳಿಂದ ಊರೂರಿನ ಅಂಗಡಿಗಳನ್ನು ತುಂಬಿತು.

ನಾವು ಗೋವೆಯಲ್ಲಿದ್ದವರು. ಬಂದರು, ಗಣಿ, ಕಟ್ಟಡದ ಕೆಲಸಗಳಿಗೆಂದು ವಿಜಾಪುರ, ಬಾಗಲಕೋಟೆ, ಗದಗ, ಧಾರವಾಡದ ಕಡೆಗಳಿಂದ ಬಂದ ಕುಟುಂಬಗಳವು. ವಾಸ್ಕೋದಿಂದ ಲೋಂಡಾ ಮಾರ್ಗವಾಗಿ ಹುಬ್ಬಳ್ಳಿಗೆ ಹೋಗಿ ಬರುವವರ ಚೀಲದಲ್ಲಿ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿಯ ಜೊತೆಗೆ ಒಂದೆರಡು ಧ್ವನಿಸುರುಳಿಗಳೂ ಇರುತ್ತಿದ್ದವು. ಇಲ್ಲಿಯ ಅಂಗಡಿಗಳಲ್ಲಿ ಲೊರ್ನಾ, ಆಲ್ಫ್ರೆಡ್ ರೋಜ್ ಅವರ ಕೊಂಕಣಿ ಹಾಡುಗಳು ಯಥೇಚ್ಛವಾಗಿದ್ದವು. ಕನ್ನಡದ್ದು ಊರಿನಿಂದಲೇ ಬರಬೇಕಿತ್ತು. ಹಾಗೆ ಬಂದದ್ದನ್ನು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಎರವಲು ಕೊಂಡೊಯ್ಯುತ್ತಿದ್ದರು. ಸುರುಳಿ ಸಿಕ್ಕಿಕೊಂಡರೆ ಪೆನ್ಸಿಲು ತೂರಿಸಿ ಸುತ್ತಿ ಸರಿಮಾಡುವ ವಿದ್ಯೆ ಮನೆಯ ಪ್ರತಿ ಹುಡುಗನಿಗೂ ಗೊತ್ತಿತ್ತು.

ನನಗೆ ಉಪಯೋಗಕ್ಕೆ ಬಂದದ್ದು ಡಬ್ಬಿಯೊಳಗಿನ ಕಾಗದ. ಕೆಲವು ಧ್ವನಿಸುರುಳಿಗಳಲ್ಲಿ ಅದು ನಾಲ್ಕೈದು ಮಡಿಕೆಯದಾಗಿದ್ದು, ಸಣ್ಣ ಅಕ್ಷರಗಳಲ್ಲಿ ಪೂರ್ತಿ ಸಾಹಿತ್ಯವೇ ಅಚ್ಚಾಗಿರುತ್ತಿತ್ತು. ಸಾಹಿತ್ಯವಿಲ್ಲದಿದ್ದರೂ ರಚನೆ, ಸಂಗೀತ, ಗಾಯನ ಎಂದು ಮೂರು ಹೆಸರುಗಳು ತಪ್ಪದೆ ಇರುತ್ತಿದ್ದವು. ಪಠ್ಯಪುಸ್ತಕಗಳು ಕರ್ನಾಟಕದಿಂದ ತಡವಾಗಿ ಬಂದ ವರ್ಷಗಳಲ್ಲಿ ಆ ಕಾಗದವನ್ನೇ ನೋಡಿ ಕಪ್ಪುಹಲಗೆಯ ಮೇಲೆ ಕವಿತೆ ಬರೆದು, ಟೇಪ್ ರೆಕಾರ್ಡರು ಹಾಕಿ ಪಾಠ ಮಾಡಿದ್ದೇನೆ. ಮಕ್ಕಳು ಮೊದಲು ಕೇಳಿದರು, ಆಮೇಲೆ ಓದಿದರು, ಕೊನೆಗೆ ಬರೆದರು. ಭಾಷೆ ಕಲಿಯುವ ಸಹಜವಾದ ಕ್ರಮವೂ ಅದೇ.

ಇಳಿತದ ಮೆಟ್ಟಿಲುಗಳು

ಆಲ್ಬಮ್ಮಿನ ಮಾರಾಟವನ್ನು ಇಂದಿನ ಮೊಬೈಲು ಒಂದೇ ಕೊಂದಿತೆಂದು ಹೇಳುವುದು ನ್ಯಾಯವಲ್ಲ. ಧ್ವನಿಸುರುಳಿಯನ್ನು ಅಗ್ಗ ಮಾಡಿದ ಗುಣವೇ ಅದರ ಶತ್ರುವೂ ಆಗಿತ್ತು. ಎರಡು ಯಂತ್ರಗಳಿದ್ದರೆ ಯಾರು ಬೇಕಾದರೂ ನಕಲು ಮಾಡಬಹುದಿತ್ತು. 1982ರಲ್ಲಿ ಜಗತ್ತಿನ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕು, ಅಂದರೆ ಸಿ.ಡಿ., ಹೆಚ್ಚು ಶುದ್ಧವಾದ ನಾದವನ್ನು ಕೊಟ್ಟಿತು. ಆದರೆ ಅದು ಹಾಡನ್ನು ಅಂಕಿಗಳಾಗಿ ಬದಲಾಯಿಸಿತ್ತು. ಆ ಅಂಕಿಗಳನ್ನು ಕಿವಿಗೆ ತಿಳಿಯದಂತೆ ಕುಗ್ಗಿಸುವ ಎಂಪಿ3 ಎಂಬ ವಿಧಾನ ಬಂದಾಗ ಐದು ನಿಮಿಷದ ಹಾಡು ಸುಮಾರು 5 ಎಂ.ಬಿ.ಯಷ್ಟು ಜಾಗದಲ್ಲಿ ಅಡಗಿತು. 700 ಎಂ.ಬಿ. ಹಿಡಿಯುವ ಒಂದು ಸಿ.ಡಿ.ಯಲ್ಲಿ, ಲೆಕ್ಕ ಹಾಕಿ ನೋಡಿ, 140 ಹಾಡು! ಸಂತೆಯಲ್ಲಿ ಇಂತಹ ನಕಲು ತಟ್ಟೆಗಳು ರಾಶಿ ಬಿದ್ದವು. ಡಬ್ಬಿಯೊಳಗಿನ ಕಾಗದ ಮೊದಲು ಕಾಣೆಯಾದದ್ದು ಆಗಲೇ.

ಮುಂದಿನ ಮೆಟ್ಟಿಲು ಅಂತರಜಾಲ. 2003ರಲ್ಲಿ ಆಪಲ್ ಕಂಪನಿ ಅಮೆರಿಕದಲ್ಲಿ ಒಂದೊಂದೇ ಹಾಡನ್ನು 99 ಸೆಂಟಿಗೆ ಮಾರತೊಡಗಿತು. ಹತ್ತು ಹಾಡುಗಳ ಕಟ್ಟು ಅಲ್ಲಿಗೆ ಬಿಚ್ಚಿತು. 2008ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ ಸ್ಪಾಟಿಫೈ ಹಾಡನ್ನು ಮಾರುವುದನ್ನೇ ಬಿಟ್ಟು, ಕೇಳುವ ಅನುಕೂಲವನ್ನು ಬಾಡಿಗೆಗೆ ಕೊಟ್ಟಿತು. ಇದನ್ನೇ ಸ್ಟ್ರೀಮಿಂಗ್ ಎನ್ನುತ್ತಾರೆ: ಬಾವಿಯ ನೀರನ್ನು ಕೊಡದಲ್ಲಿ ತುಂಬಿ ಮನೆಯಲ್ಲಿಡದೆ, ನಲ್ಲಿ ತಿರುಗಿಸಿದಾಗಲೆಲ್ಲ ಬರುವಂತೆ ಮಾಡುವುದು. ನಮ್ಮ ದೇಶದಲ್ಲಿ 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಅಂತರಜಾಲ ಅಗ್ಗವಾದ ಮೇಲೆ ಈ ನಲ್ಲಿ ಮನೆಮನೆಗೂ ಬಂತು. 2019ರಲ್ಲಿ ಸ್ಪಾಟಿಫೈ ಭಾರತಕ್ಕೂ ಕಾಲಿಟ್ಟಿತು.

ಅಮೆರಿಕದಲ್ಲಿ 2000ದಲ್ಲಿ ಸುಮಾರು 94 ಕೋಟಿ ಸಿ.ಡಿ.ಗಳು ಮಾರುಕಟ್ಟೆಗೆ ಹೋಗಿದ್ದವು. 2022ರಲ್ಲಿ ಅದು ಸುಮಾರು 3.3 ಕೋಟಿಗೆ ಇಳಿಯಿತು. 2023ರಲ್ಲಿ ಜಗತ್ತಿನ ಧ್ವನಿಮುದ್ರಿತ ಸಂಗೀತದ ಆದಾಯದಲ್ಲಿ ಸ್ಟ್ರೀಮಿಂಗಿನ ಪಾಲು ಶೇಕಡಾ 67ರಷ್ಟು, ತಟ್ಟೆ, ಸಿ.ಡಿ. ಮೊದಲಾದ ಕೈಗೆ ಸಿಗುವ ವಸ್ತುಗಳ ಪಾಲು ಶೇಕಡಾ 18ರಷ್ಟು ಮಾತ್ರ. ವಿಚಿತ್ರವೆಂದರೆ, 2022ರಲ್ಲಿ ಅಲ್ಲಿ ಹಳೆಯ ಕಪ್ಪು ತಟ್ಟೆಗಳೇ ಸಿ.ಡಿ.ಗಿಂತ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದವು. ಕೈಯಲ್ಲಿ ಹಿಡಿದು ನೋಡುವ ಆಸೆ ಮನುಷ್ಯನಿಗೆ ಇನ್ನೂ ತೀರಿಲ್ಲವೆಂದು ಇದರ ಅರ್ಥವಿರಬಹುದು.

ಹಣ ಯಾರಿಗೆ, ಹೇಗೆ?

ಧ್ವನಿಸುರುಳಿ ಮಾರಾಟವಾದಾಗ ಕೊಂಡವನು ಒಮ್ಮೆ ಹಣ ಕೊಡುತ್ತಿದ್ದ. ಹತ್ತು ಹಾಡುಗಳಲ್ಲಿ ಎರಡನ್ನೇ ಕೇಳಿದರೂ ಉಳಿದ ಎಂಟಕ್ಕೂ ಬೆಲೆ ಸಂದಿರುತ್ತಿತ್ತು. ಸ್ಟ್ರೀಮಿಂಗಿನಲ್ಲಿ ಹಾಗಲ್ಲ. ಚಂದಾ ಮತ್ತು ಜಾಹೀರಾತಿನಿಂದ ಬಂದ ಹಣವನ್ನು ಒಂದು ಗಂಗಾಳಕ್ಕೆ ಸುರಿದು, ಕಂಪನಿ ತನ್ನ ಪಾಲನ್ನು ಇಟ್ಟುಕೊಂಡು, ಉಳಿದುದನ್ನು ಯಾವ ಹಾಡನ್ನು ಎಷ್ಟು ಬಾರಿ ಕೇಳಿದರೆಂಬ ಲೆಕ್ಕದಲ್ಲಿ ಹಂಚುವುದು ಸಾಮಾನ್ಯ ಪದ್ಧತಿ. ಸ್ಪಾಟಿಫೈಯಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಒಂದು ಬಾರಿ ಎಂದು ಲೆಕ್ಕ. ಮೇಲಾಗಿ 2024ರಿಂದ ಅಲ್ಲಿ ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಬಾರಿಯಾದರೂ ಕೇಳಲ್ಪಡದ ಹಾಡಿನ ಧ್ವನಿಮುದ್ರಣಕ್ಕೆ ಹಣವೇ ಇಲ್ಲ. ಕೋಟಿ ಜನ ಕೇಳುವ ಚಿತ್ರಗೀತೆಗೆ ಇದು ತೊಡಕಲ್ಲ. ಆದರೆ ಯಾವುದೋ ಊರಿನ ಕವಿಯ ಗೀತೆಯನ್ನು ಎಲೆಮರೆಯ ಗಾಯಕಿಯೊಬ್ಬಳು ಹಾಡಿದ್ದರೆ? ಸಂಕಲನದಲ್ಲಿ ಅಣ್ಣನ ಕೈಹಿಡಿದು ನಡೆಯುತ್ತಿದ್ದ ತಮ್ಮ ಈಗ ಒಂಟಿಯಾಗಿ ಸಂತೆಯಲ್ಲಿ ನಿಂತಂತೆ.

ಕವಿಗಳ ಹಕ್ಕಿನ ಬಗ್ಗೆ ಒಂದು ಒಳ್ಳೆಯ ಸಂಗತಿಯನ್ನೂ ಹೇಳಬೇಕು. 2012ರಲ್ಲಿ ನಮ್ಮ ಕೃತಿಸ್ವಾಮ್ಯ ಕಾಯಿದೆಗೆ ತಂದ ತಿದ್ದುಪಡಿಯಿಂದ, ಹಕ್ಕನ್ನು ಕಂಪನಿಗೆ ಬರೆದುಕೊಟ್ಟಿದ್ದರೂ ಗೀತರಚನೆಕಾರರೂ ಸಂಗೀತ ಸಂಯೋಜಕರೂ ತಮ್ಮ ಕೃತಿಯ ಬಳಕೆಯಿಂದ ಬರುವ ರಾಯಲ್ಟಿಯಲ್ಲಿ ಸಮಪಾಲಿಗೆ ಬಾಧ್ಯರು. ಆದರೆ ಹೆಸರೇ ದಾಖಲಾಗದಿದ್ದರೆ ಪಾಲನ್ನು ಯಾರಿಗೆ ಕೊಡುವುದು? ಆ ಬಾಲಕಿ ಮೊಬೈಲಿನಲ್ಲಿ ಹುಡುಕಿ ಕಾಣದ ಹೆಸರು ಹೀಗೆ ಗೌರವದ ಪ್ರಶ್ನೆಯೂ ಹೌದು, ಅನ್ನದ ಪ್ರಶ್ನೆಯೂ ಹೌದು.

ಲಾಭವನ್ನೂ ಮರೆಯಬಾರದು

ಹಳೆಯದೆಲ್ಲ ಹೊನ್ನು ಎಂದು ವಾದಿಸುವ ವಯಸ್ಸು ನನ್ನದಾದರೂ ಆ ವಾದ ನನ್ನದಲ್ಲ. ಒಂದೆರಡು ದಿನದ ಕೂಲಿ ಉಳಿಸಿ ಕ್ಯಾಸೆಟ್ಟು ಕೊಳ್ಳುತ್ತಿದ್ದ ತಾಯಿಯ ಮಗಳು ಇಂದು ರೊಟ್ಟಿ ಬಡಿಯುತ್ತಲೇ ಶರೀಫರ ಪದಗಳನ್ನು ಹೆಚ್ಚಿನ ಖರ್ಚಿಲ್ಲದೆ ಕೇಳುತ್ತಾಳೆ. ಹುಬ್ಬಳ್ಳಿಯಿಂದ ಯಾರಾದರೂ ತರಲೆಂದು ಕಾಯಬೇಕಿಲ್ಲ. ಅಂಗಡಿಗಳಲ್ಲಿ ಎಂದೋ ಮುಗಿದುಹೋಗಿದ್ದ ಧ್ವನಿಮುದ್ರಣಗಳು ಮತ್ತೆ ಕಿವಿಗೆ ಬಿದ್ದಿವೆ. ಆ ಬಾಲಕಿ ಅಷ್ಟು ಚೆನ್ನಾಗಿ ಹಾಡಲು ಕಲಿತದ್ದೂ ಮೊಬೈಲಿನಿಂದಲೇ. ಹಾಡು ಉಳಿದಿದೆ, ಅದರ ವಿಳಾಸ ಅಳಿಸುತ್ತಿದೆ, ಅಷ್ಟೆ.

ನಮ್ಮ ಗೋವೆಯದೇ ಒಂದು ದೃಷ್ಟಾಂತ ಕೊಡುತ್ತೇನೆ. ಇಲ್ಲಿಯ ಕೇರಿ ಗ್ರಾಮದಲ್ಲಿ ಹುಟ್ಟಿದ ಕೇಸರಬಾಯಿ ಕೇರ್ಕರ್ ಅವರ ಮೂರೂವರೆ ನಿಮಿಷದ ಭೈರವಿಯನ್ನು 1977ರಲ್ಲಿ ವಾಯೇಜರ್ ನೌಕೆಗಳ ಚಿನ್ನದ ಲೇಪದ ತಟ್ಟೆಯಲ್ಲಿ ಸೇರಿಸಿ ನಕ್ಷತ್ರಗಳ ಕಡೆಗೆ ಕಳುಹಿಸಿದರು. ಕಳುಹಿಸಿದವರು ತಟ್ಟೆಯನ್ನು ಬರಿದಾಗಿ ಕಳುಹಿಸಲಿಲ್ಲ. ಅದನ್ನು ನುಡಿಸುವ ಬಗೆಯನ್ನೂ ಅದು ಎಲ್ಲಿಂದ ಬಂತೆಂಬುದನ್ನೂ ಹೊದಿಕೆಯ ಮೇಲೆ ರೇಖೆಗಳಲ್ಲಿ ಕೊರೆದರು. ಯಾರೆಂದು ತಿಳಿಯದ ಕೇಳುಗನಿಗೂ ಹೊದಿಕೆ ಬೇಕೆಂದು ಅವರಿಗೆ ತೋರಿತು. ನಮ್ಮ ಮಕ್ಕಳಿಗೆ ಬೇಡವೇ?

ನಾವು ಮಾಡಬಹುದಾದದ್ದು

ಕಾಲಚಕ್ರವನ್ನು ಹಿಂದಕ್ಕೆ ತಿರುಗಿಸುವುದು ಸಾಧ್ಯವಿಲ್ಲ, ಅಗತ್ಯವೂ ಇಲ್ಲ. ಹೊರನಾಡಿನ ಕನ್ನಡಿಗರಾದ ನಾವು ಎರಡು ಸಣ್ಣ ಕೆಲಸ ಮಾಡಬಹುದು. ಮೊದಲನೆಯದು, ಶಾಲೆಯ ವೇದಿಕೆಯಲ್ಲಿ ಯಾವ ಮಗು ಯಾವ ಹಾಡನ್ನು ಹಾಡಿದರೂ ರಚಿಸಿದವರ ಹೆಸರನ್ನೂ ರಾಗ ಹಾಕಿದವರ ಹೆಸರನ್ನೂ ಮೊದಲು ಹೇಳಿಯೇ ಹಾಡಬೇಕು. ಎರಡನೆಯದು, ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಅಟ್ಟದ ಮೇಲೆ ಧೂಳು ಹಿಡಿದಿರುವ ಧ್ವನಿಸುರುಳಿಗಳ ಡಬ್ಬಿಗಳನ್ನು ಎಸೆಯದೆ ಶಾಲೆಗೆ ತಂದುಕೊಡಬೇಕು. ಸುರುಳಿ ಬೂಷ್ಟು ಹಿಡಿದಿದ್ದರೂ ಚಿಂತೆಯಿಲ್ಲ. ಒಳಗಿನ ಕಾಗದ ಸಾಕು. ಅವನ್ನು ಒಂದು ದಪ್ಪ ಪುಸ್ತಕದಲ್ಲಿ ಅಂಟಿಸಿ ಗ್ರಂಥಾಲಯದಲ್ಲಿಡಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಆ ಪುಸ್ತಕಕ್ಕೆ ಆಲ್ಬಮ್ ಎಂಬ ಹೆಸರು ಅದರ ಮೂಲಾರ್ಥದಲ್ಲಿಯೇ ಒಪ್ಪುತ್ತದೆ.

ಮೊದಲ ಕಾಗದವನ್ನು ನಾನೇ ಕೊಟ್ಟಿದ್ದೇನೆ. ಮಡಿಕೆಗಳಲ್ಲಿ ಹರಿದಿದೆ, ಚಹಾದ ಕಲೆಯೂ ಇದೆ. ಆದರೆ ಅಕ್ಷರ ಇನ್ನೂ ಓದಲು ಬರುತ್ತದೆ. ಮರುದಿನದ ಅಭ್ಯಾಸಕ್ಕೆ ಆ ಬಾಲಕಿ ಅದನ್ನು ನೋಡಿ ಕವಿಯ ಹೆಸರನ್ನು ತನ್ನ ನೋಟುಪುಸ್ತಕದಲ್ಲಿ ಬರೆದುಕೊಂಡಳು. ಮಹೋತ್ಸವದ ದಿನ ಹಾಡುವ ಮೊದಲು ಅವಳೇ ಅದನ್ನು ಹೇಳುತ್ತಾಳೆ. ಸಭಿಕರು ದಯವಿಟ್ಟು ಆ ಹೆಸರಿಗೂ ಒಂದು ಚಪ್ಪಾಳೆ ತಟ್ಟಬೇಕೆಂದು ಕೋರಿ, ನಮ್ಮ ಶಾಲೆ ಶತಮಾನೋತ್ಸವವನ್ನೂ ಕಾಣಲೆಂದು ಹಾರೈಸಿ ವಿರಮಿಸುತ್ತೇನೆ.