ಸೈಕಲ್ಲಿಗೊಂದು ಗಣಕ: ಯಾರಿಗೆ ಯಾವುದು ತಕ್ಕುದು?

ನಮ್ಮ ಹಿರಿಯರು ದಾರಿಯ ದೂರವನ್ನು ಹರದಾರಿ, ಗಾವುದಗಳಿಂದ ಹೇಳುತ್ತಿದ್ದರು. ಮುಂದಿನ ಊರು ಎಷ್ಟು ದೂರವೆಂದು ಕೇಳಿದ ಪ್ರಯಾಣಿಕನಿಗೆ "ಇಲ್ಲೇ, ಕೂಗಳತೆ" ಎಂಬ ಉತ್ತರ ದೊರೆಯುತ್ತಿದ್ದುದೂ ಉಂಟು. ಆ ಕೂಗಳತೆಯು ಒಮ್ಮೊಮ್ಮೆ ಎರಡು ಹರದಾರಿಗೆ ಕಡಿಮೆಯಾಗುತ್ತಿರಲಿಲ್ಲ. ತರುವಾಯ ರಸ್ತೆಯ ಬದಿಗೆ ಮೈಲಿಗಲ್ಲುಗಳು ಬಂದುವು. ಈಗಲಾದರೋ ಅಂಗೈಯಲ್ಲಿ ಅಡಗುವ ಸಣ್ಣ ಯಂತ್ರವೊಂದು ಸೈಕಲ್ಲಿನ ಹ್ಯಾಂಡಲಿನ ಮೇಲೆ ಕುಳಿತು, ತುಳಿದ ದೂರ, ವೇಗ, ಏರಿದ ಎತ್ತರ, ಎದೆಯ ಬಡಿತ ಇವೆಲ್ಲವನ್ನೂ ಅಂಕೆಗಳಲ್ಲಿ ತೋರಿಸುತ್ತದೆ. ಇದಕ್ಕೆ ಸೈಕಲ್ ಕಂಪ್ಯೂಟರ್ ಎಂದು ಹೆಸರು.

ಬೆಂಗಳೂರು, ಮೈಸೂರು, ಮಂಗಳೂರು ಮೊದಲಾದ ನಗರಗಳಲ್ಲಿ ಬೆಳಗಿನ ಜಾವಕ್ಕೆ ಸೈಕಲ್ಲು ತುಳಿಯುವವರನ್ನು ವಾಚಕರು ನೋಡಿಯೇ ಇರುವರು. ಮನೆಯ ಮಗನೋ ಮಗಳೋ, ಅಥವಾ ವೈದ್ಯರ ಮಾತಿನಂತೆ ವ್ಯಾಯಾಮಕ್ಕೆ ತೊಡಗಿದ ಯಜಮಾನರೋ, ಈ ಯಂತ್ರವನ್ನು ಕೊಳ್ಳುವ ಮಾತೆತ್ತಿದರೆ ಮೊದಲು ಎದುರಾಗುವುದು ಬೆಲೆಯ ಪ್ರಶ್ನೆ. ಸಾವಿರ ರೂಪಾಯಿಗೂ ಒಂದು ಯಂತ್ರವುಂಟು. ಐವತ್ತು ಸಾವಿರವನ್ನು ಮೀರಿದುದೂ ಉಂಟು. ಎರಡೂ ದೂರವನ್ನೇ ಅಳೆಯುವುವು. ಹಾಗಾದರೆ ಈ ಅಂತರವೇಕೆ? ಯಾರು ಯಾವುದನ್ನು ಕೊಂಡರೆ ಹಣ ಸಾರ್ಥಕವಾಗುವುದು? ಇವನ್ನು ಇಲ್ಲಿ ವಿವರಿಸಲು ಯತ್ನಿಸುವೆವು.

ಯಂತ್ರದ ಪೂರ್ವವೃತ್ತಾಂತ

ಈ ಯಂತ್ರದ ಮೂಲ ಹಳೆಯದು. 1895ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ನಗರದ ಕರ್ಟಿಸ್ ಹಸ್ಸಿ ವೀಡರ್ ಎಂಬವರು ಸೈಕಲ್ಲಿನ ದೂರಮಾಪಕವೊಂದಕ್ಕೆ ಹಕ್ಕುಪತ್ರ ಪಡೆದರು. ಚಕ್ರದ ಕಡ್ಡಿಗೆ ಕಟ್ಟಿದ ಒಂದು ಮೊಳೆಯು ಪ್ರತಿಯೊಂದು ಸುತ್ತಿನಲ್ಲಿಯೂ ಯಂತ್ರದ ನಕ್ಷತ್ರಾಕಾರದ ಸಣ್ಣ ಗಾಲಿಯನ್ನು ಒಂದು ಹಲ್ಲಿನಷ್ಟು ತಳ್ಳುತ್ತಿತ್ತು. ಒಳಗಿನ ಅಂಕೆಯ ಗಾಲಿಗಳು ಅದನ್ನು ಲೆಕ್ಕವಿಡುತ್ತಿದ್ದುವು. 1980ರ ದಶಕದಲ್ಲಿ ವಿದ್ಯುತ್ಕೋಶದಿಂದ ನಡೆಯುವ ಯಂತ್ರಗಳು ಪ್ರಚಾರಕ್ಕೆ ಬಂದುವು. ಜಪಾನಿನ ಕ್ಯಾಟ್‌ಐ ಸಂಸ್ಥೆಯ ಹೆಸರು ಇದರಲ್ಲಿ ಮುಖ್ಯವಾದುದು. 2005ರಲ್ಲಿ ಗಾರ್ಮಿನ್ ಸಂಸ್ಥೆಯು ಉಪಗ್ರಹದ ನೆರವಿನಿಂದ ನಡೆಯುವ ಎಜ್ 205, ಎಜ್ 305 ಎಂಬ ಯಂತ್ರಗಳನ್ನು ಪ್ರಕಟಿಸಿತು. ಇಂದು ಅಂಗಡಿಯಲ್ಲಿ ಕಾಣುವುವೆಲ್ಲ ಈ ಎರಡು ಬಗೆಗಳಲ್ಲಿ ಒಂದಕ್ಕೆ ಸೇರಿದುವು: ಚಕ್ರದ ಸುತ್ತನ್ನು ಎಣಿಸುವುವು, ಮತ್ತು ಆಕಾಶವನ್ನು ನೋಡಿ ಸ್ಥಳವನ್ನು ಅರಿಯುವುವು.

ಸುತ್ತನ್ನು ಎಣಿಸುವ ಬಗೆ

ಮೊದಲ ಬಗೆಯ ಯಂತ್ರದ ತತ್ತ್ವ ಬಹು ಸರಳ. ಮುಂದಿನ ಚಕ್ರದ ಕಡ್ಡಿಗೆ ಒಂದು ಸಣ್ಣ ಅಯಸ್ಕಾಂತವನ್ನು ಸಿಕ್ಕಿಸಿರುತ್ತಾರೆ. ಅದು ಫೋರ್ಕಿಗೆ ಕಟ್ಟಿದ ಗ್ರಾಹಕದ ಮುಂದೆ ಹಾದುಹೋದಾಗಲೆಲ್ಲ ಒಂದು ಸುತ್ತು ಆಯಿತೆಂದು ಯಂತ್ರವು ಎಣಿಸುತ್ತದೆ. ಚಕ್ರದ ಸುತ್ತಳತೆ 2100 ಮಿಲಿಮೀಟರ್ ಎಂದುಕೊಳ್ಳೋಣ. ಸೆಕೆಂಡಿಗೆ ಎರಡು ಸುತ್ತಾದರೆ ಸೈಕಲ್ಲು 4.2 ಮೀಟರ್ ಮುಂದುವರಿಯಿತು. ಎಂದರೆ ವೇಗವು ಗಂಟೆಗೆ ಸುಮಾರು 15 ಕಿಲೋಮೀಟರ್.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುವುದು. ಯಂತ್ರಕ್ಕೆ ನಾವು ಹೇಳಿಕೊಟ್ಟ ಸುತ್ತಳತೆ ಸರಿಯಾಗಿದ್ದರೆ ಮಾತ್ರ ಅದರ ಲೆಕ್ಕವು ಸರಿ. ನಿಜವಾದ ಸುತ್ತಳತೆ 2200 ಮಿಲಿಮೀಟರ್ ಇದ್ದು ಯಂತ್ರದಲ್ಲಿ 2100 ಎಂದು ನಮೂದಿಸಿದ್ದರೆ, 110 ಕಿಲೋಮೀಟರ್ ತುಳಿದಾಗ ಯಂತ್ರವು 105 ಎಂದೇ ತೋರುವುದು. ನೂರಹತ್ತನೆಯ ಕಿಲೋಮೀಟರಿನಲ್ಲಿ ಎಡಕ್ಕೆ ತಿರುಗಬೇಕೆಂದು ಬರೆದುಕೊಂಡವನು ಆ ತಿರುವನ್ನು ದಾಟಿ ಐದು ಕಿಲೋಮೀಟರ್ ಮುಂದೆ ಹೋಗಿಬಿಡುವನು!

ಆದುದರಿಂದ ಸುತ್ತಳತೆಯನ್ನು ಮನೆಯಂಗಳದಲ್ಲಿಯೇ ಅಳೆದುಕೊಳ್ಳುವುದು ಉತ್ತಮ. ಟಯರಿಗೆ ಎಂದಿನಷ್ಟು ಗಾಳಿ ತುಂಬಿ, ಟ್ಯೂಬಿನ ವಾಲ್ವು ಕೆಳಗೆ ಬರುವಂತೆ ಚಕ್ರವನ್ನು ನಿಲ್ಲಿಸಿ, ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಬೇಕು. ಸವಾರನು ಸೈಕಲ್ಲಿನ ಮೇಲೆ ಕುಳಿತಿರುವಂತೆಯೇ, ಇನ್ನೊಬ್ಬರು ಅದನ್ನು ನೆಟ್ಟಗೆ ನಡೆಸಿಕೊಂಡು ಹೋಗಿ, ಚಕ್ರವು ಐದು ಸುತ್ತು ಮುಗಿಸಿದ ಕಡೆ ಎರಡನೆಯ ಗುರುತು ಮಾಡಬೇಕು. ನಡುವಣ ದೂರವನ್ನು ಐದರಿಂದ ಭಾಗಿಸಿದರೆ ಸುತ್ತಳತೆ ದೊರೆಯುವುದು. ಸವಾರನ ಭಾರಕ್ಕೆ ಟಯರು ಸ್ವಲ್ಪ ತಗ್ಗುವುದರಿಂದ ಬರಿಯ ಸೈಕಲ್ಲನ್ನು ಅಳೆದರೆ ಸಾಲದು.

ಈ ಬಗೆಯಲ್ಲಿ ತಂತಿಯುಳ್ಳುವು, ತಂತಿಯಿಲ್ಲದುವು ಎಂದು ಎರಡು ಭೇದ. ತಂತಿಯುಳ್ಳುದು ಅಗ್ಗ ಮತ್ತು ನಂಬಿಕೆಗೆ ಅರ್ಹ. ನಾಣ್ಯದಾಕಾರದ ಒಂದು ಬ್ಯಾಟರಿಯಿಂದ ತಿಂಗಳುಗಟ್ಟಲೆ ನಡೆಯುವುದು. ಆದರೆ ತಂತಿ ಎಲ್ಲಿಯಾದರೂ ಸಿಕ್ಕಿಕೊಂಡು ಕಡಿದರೆ ಕೆಲಸ ಕೆಟ್ಟಿತು. ತಂತಿಯಿಲ್ಲದುದು ನೋಟಕ್ಕೆ ಚೆನ್ನ. ಆದರೆ ಗ್ರಾಹಕಕ್ಕೂ ಒಂದು ಬ್ಯಾಟರಿ ಬೇಕು, ಅಗ್ಗದ ಕೆಲವು ಮಾದರಿಗಳು ಇತರ ವಿದ್ಯುದುಪಕರಣಗಳ ಸಮೀಪದಲ್ಲಿ ತಪ್ಪು ಲೆಕ್ಕ ತೋರುವುದೂ ಉಂಟು.

ಆಕಾಶವನ್ನು ನೋಡುವ ಬಗೆ

ಎರಡನೆಯ ಬಗೆಯ ಯಂತ್ರಕ್ಕೆ ಅಯಸ್ಕಾಂತ ಬೇಡ, ಸುತ್ತಳತೆಯೂ ಬೇಡ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುವ ಜಿಪಿಎಸ್ ಉಪಗ್ರಹಗಳಲ್ಲಿ ನಾಲ್ಕಾದರೂ ಕಾಣಿಸಿದರೆ, ಅವುಗಳ ಸಂಕೇತಗಳು ಬಂದು ತಲಪಿದ ಕಾಲವನ್ನು ಲೆಕ್ಕಹಾಕಿ ತಾನಿರುವ ಸ್ಥಳವನ್ನು ಅದು ಅರಿಯುವುದು. ಸ್ಥಳದಿಂದ ಸ್ಥಳಕ್ಕೆ ಗೆರೆಯೆಳೆದರೆ ದಾರಿಯಾಯಿತು. ಕಾಲದಿಂದ ಭಾಗಿಸಿದರೆ ವೇಗವಾಯಿತು. ಸವಾರಿ ಮುಗಿದ ಮೇಲೆ ಹೋದ ದಾರಿಯೆಲ್ಲವನ್ನೂ ನಕ್ಷೆಯ ಮೇಲೆ ನೋಡಬಹುದು. ಹೊಸ ದಾರಿಯನ್ನು ಮೊದಲೇ ತುಂಬಿಟ್ಟರೆ ತಿರುವು ತಿರುವಿನಲ್ಲಿಯೂ ಸೂಚನೆ ಪಡೆಯಬಹುದು.

ಇದರಲ್ಲಿಯೂ ಕೊರತೆಗಳಿಲ್ಲದಿಲ್ಲ. ಆಗುಂಬೆಯಂಥ ಘಟ್ಟದ ದಟ್ಟ ಮರಗಳ ಕೆಳಗೆ, ಎತ್ತರದ ಕಟ್ಟಡಗಳ ನಡುವೆ, ಸುರಂಗಗಳಲ್ಲಿ ಸಂಕೇತವು ಕ್ಷೀಣಿಸುವುದು ಅಥವಾ ಕಡಿದುಹೋಗುವುದು. ಎತ್ತರದ ವಿಷಯದಲ್ಲಿ ಉಪಗ್ರಹದ ಲೆಕ್ಕವು ಅಷ್ಟು ನಿಖರವಲ್ಲ. ಆದುದರಿಂದ ಉತ್ತಮ ಯಂತ್ರಗಳಲ್ಲಿ ವಾಯುಭಾರಮಾಪಕವನ್ನೂ ಇಟ್ಟಿರುತ್ತಾರೆ. ಮೇಲೇರಿದಂತೆ ಗಾಳಿಯ ಒತ್ತಡ ಕಡಿಮೆಯಾಗುವುದನ್ನು ಅಳೆದು ಅದು ಎತ್ತರವನ್ನು ಹೇಳುತ್ತದೆ. 1478 ಮೀಟರ್ ಎತ್ತರದ ನಂದಿಬೆಟ್ಟವನ್ನು ವಾರವಾರವೂ ಹತ್ತುವವರಿಗೆ ಇದು ಉಪಯುಕ್ತ. ಬಯಲಿನಲ್ಲಿಯೇ ತುಳಿಯುವವರಿಗೆ ಅನಾವಶ್ಯಕ.

ಯಾರಿಗೆ ಯಾವುದು?

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿಯೂ ಸಲ್ಲುವುದು. ಆದರೆ ಹಾಸಿಗೆಯನ್ನು ಅಳೆಯುವ ಮೊದಲು ಕಾಲಿನ ಅಳತೆ ಎಷ್ಟೆಂಬುದನ್ನೂ ತಿಳಿಯಬೇಕಷ್ಟೆ. ಈ ದೃಷ್ಟಿಯಿಂದ ಸವಾರರನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಬಹುದು.

ಕಛೇರಿಗೋ ಕಾಲೇಜಿಗೋ ಪೇಟೆಗೋ ಹೋಗಿಬರುವವರು ಮೊದಲನೆಯವರು. ಇವರಿಗೆ ದಾರಿ ಗೊತ್ತು. ಬೇಕಾದುದು ದೂರ, ವೇಗ, ಗಂಟೆ ಇಷ್ಟೆ. ಸಾವಿರ ರೂಪಾಯಿಯ ಆಸುಪಾಸಿನ ತಂತಿಯ ಯಂತ್ರವು ಇವರಿಗೆ ಧಾರಾಳವಾಗಿ ಸಾಕು. ಬೀದಿಯಲ್ಲಿ ನಿಲ್ಲಿಸಿದ ಸೈಕಲ್ಲಿನಿಂದ ಯಂತ್ರವು ಕಳವಾದರೂ ಮನೆ ಮುಳುಗದು.

ಆರೋಗ್ಯಕ್ಕಾಗಿ ತುಳಿಯುವವರು ಎರಡನೆಯವರು. ಇವರಿಗೆ ಎದೆಯ ಬಡಿತವನ್ನು ತಿಳಿಸುವ ಪಟ್ಟಿಯೊಡನೆ ಕೂಡಿಕೊಳ್ಳಬಲ್ಲ ಯಂತ್ರ ಬೇಕು. ಆಂಟ್ ಪ್ಲಸ್, ಬ್ಲೂಟೂತ್ ಎಂಬ ಎರಡು ಬಗೆಯ ನಿಸ್ತಂತು ಸಂಪರ್ಕಗಳಲ್ಲಿ ಪಟ್ಟಿಗೂ ಯಂತ್ರಕ್ಕೂ ಒಂದಾದರೂ ಸಮಾನವಾಗಿರಬೇಕೆಂಬುದನ್ನು ಅಂಗಡಿಯಲ್ಲಿಯೇ ವಿಚಾರಿಸತಕ್ಕದ್ದು. ನಾಲ್ಕೈದು ಸಾವಿರ ರೂಪಾಯಿಗಳ ಸರಳ ಜಿಪಿಎಸ್ ಯಂತ್ರಗಳಲ್ಲಿಯೂ ಈ ಸೌಕರ್ಯ ದೊರೆಯುವುದುಂಟು. ಹೃದ್ರೋಗವುಳ್ಳವರು ಯಂತ್ರದ ಅಂಕೆಯನ್ನು ವೈದ್ಯರ ಮಾತಿಗೆ ಬದಲಾಗಿ ಎಣಿಸಬಾರದು. ಕರಗಿದ ಕ್ಯಾಲೊರಿಯೆಂದು ಯಂತ್ರವು ತೋರುವ ಸಂಖ್ಯೆಯಂತೂ ಬರಿಯ ಅಂದಾಜು. ಅದನ್ನು ನಂಬಿ ಇನ್ನೆರಡು ಹೋಳಿಗೆ ಬಡಿಸಿಕೊಳ್ಳುವುದು ಕ್ಷೇಮವಲ್ಲ.

ದೂರ ಪ್ರಯಾಣದವರು ಮೂರನೆಯವರು. ಕಾಲಮಿತಿಯೊಳಗೆ ದೂರವನ್ನು ಕ್ರಮಿಸುವ ಬ್ರೆವೆ ಎಂಬ ಸವಾರಿಗಳು ಕರ್ನಾಟಕದಲ್ಲಿಯೂ ನಡೆಯುತ್ತಿವೆ. ಅಲ್ಲಿ 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 400 ಕಿಲೋಮೀಟರಿಗೆ 27 ಗಂಟೆ, 600 ಕಿಲೋಮೀಟರಿಗೆ 40 ಗಂಟೆ ಅವಧಿ. ಹದಿನೈದು ಗಂಟೆ ಮಾತ್ರ ನಡೆಯುವ ಯಂತ್ರವನ್ನು ನೆಚ್ಚಿ 400 ಕಿಲೋಮೀಟರಿಗೆ ಹೊರಟವನು ನಡುರಾತ್ರಿ ಅರಿಯದ ಕವಲುದಾರಿಯಲ್ಲಿ ಕುರುಡನಾಗುವನು. ಆದುದರಿಂದ ಇವರು ಬಣ್ಣದ ಪರದೆಗೆ ಮರುಳಾಗದೆ ಮೊದಲು ಬ್ಯಾಟರಿಯ ಬಾಳಿಕೆಯನ್ನೂ, ಸವಾರಿಯ ನಡುವೆಯೇ ವಿದ್ಯುತ್ತು ತುಂಬಲು ಬರುವುದೇ ಎಂಬುದನ್ನೂ ನೋಡಬೇಕು. ದಾರಿ ತೋರುವ ಉತ್ತಮ ಯಂತ್ರಗಳ ಬೆಲೆ ಹತ್ತು ಸಾವಿರದಿಂದ ಮೇಲಕ್ಕೆ ಏರುತ್ತದೆ. ಯಾವ ಯಂತ್ರವಿದ್ದರೂ ತಿರುವುಗಳನ್ನು ಬರೆದ ಒಂದು ಚೀಟಿ ಜೇಬಿನಲ್ಲಿರಲಿ.

ಸ್ಪರ್ಧೆಗಾಗಿ ಅಭ್ಯಾಸ ಮಾಡುವವರು ನಾಲ್ಕನೆಯವರು. ತುಳಿಯುವ ಬಲವನ್ನು ವ್ಯಾಟುಗಳಲ್ಲಿ ಅಳೆಯುವ ಮಾಪಕ, ನಿಮಿಷಕ್ಕೆ ಪೆಡಲು ಎಷ್ಟು ಸುತ್ತಿತೆಂಬ ಲೆಕ್ಕ, ದಿನದಿನದ ಅಭ್ಯಾಸದ ಪಟ್ಟಿ ಇವೆಲ್ಲ ಇವರಿಗೆ ಅವಶ್ಯ. ಹೆಚ್ಚು ಬೆಲೆಯ ಯಂತ್ರಗಳು ಹುಟ್ಟಿರುವುದು ಮುಖ್ಯವಾಗಿ ಇವರಿಗಾಗಿ. ಬಲಮಾಪಕವನ್ನು ಬೇರೆಯಾಗಿ ಕೊಳ್ಳಬೇಕೆಂಬುದನ್ನೂ, ಅದರ ಬೆಲೆ ಯಂತ್ರದ ಬೆಲೆಯನ್ನು ಮೀರಬಹುದೆಂಬುದನ್ನೂ ಮರೆಯಬಾರದು.

ಇನ್ನು ಕೈಯಲ್ಲಿರುವ ಮೊಬೈಲೇ ಸಾಲದೇ ಎಂದು ಕೆಲವರು ಕೇಳಬಹುದು. ಅಪರೂಪಕ್ಕೆ ತುಳಿಯುವವರಿಗೆ ಸಾಕು. ಕಾಸಿನ ಖರ್ಚೂ ಇಲ್ಲ. ಆದರೆ ಪರದೆಯನ್ನು ಸದಾ ಬೆಳಗಿಸಿಟ್ಟರೆ ಅದರ ಬ್ಯಾಟರಿ ಬೇಗ ಬರಿದಾಗುವುದು. ಹ್ಯಾಂಡಲಿನ ಮೇಲಿಟ್ಟರೆ ಮಳೆಗೂ ಬೀಳುವುದಕ್ಕೂ ಒಡ್ಡಿದಂತಾಗುವುದು. ಆಪತ್ಕಾಲದಲ್ಲಿ ಮನೆಗೆ ಸುದ್ದಿ ತಿಳಿಸಬೇಕಾದ ಸಾಧನವು ದಾರಿಯಲ್ಲಿಯೇ ಕಣ್ಣು ಮುಚ್ಚುವುದು ಸರಿಯಲ್ಲ. ಪಯಣವನ್ನು ಹೊಸದಾಗಿ ಆರಂಭಿಸುವವರು ಒಂದೆರಡು ತಿಂಗಳು ಮೊಬೈಲಿನಲ್ಲಿಯೇ ಕಳೆದು, ತಮಗೆ ನಿಜವಾಗಿ ಯಾವ ಯಾವ ಅಂಕೆಗಳು ಬೇಕೆಂಬುದನ್ನು ಅರಿತ ಮೇಲೆ ಅಂಗಡಿಗೆ ಹೋಗುವುದು ಲೇಸು.

ಕೊಳ್ಳುವಾಗ ನೋಡತಕ್ಕುವು

ಯಂತ್ರವನ್ನು ಅಂಗಡಿಯ ನೆರಳಿನಲ್ಲಿ ನೋಡಿದರೆ ಸಾಲದು. ಹೊರಗೆ ಬಿಸಿಲಿಗೆ ಹಿಡಿದು ನೋಡಬೇಕು. ಚಾಳೀಸಿನ ವಯಸ್ಸಿನವರು ಕನ್ನಡಕವಿಲ್ಲದೆ ಓದಬಲ್ಲ ದಪ್ಪ ಅಂಕೆಗಳಿರುವುದನ್ನೇ ಆರಿಸಬೇಕು. ಬೆವರಿದ ಇಲ್ಲವೆ ನೆನೆದ ಬೆರಳಿಗೆ ಮುಟ್ಟುಪರದೆಗಿಂತ ಗುಂಡಿಗಳೇ ಅನುಕೂಲ. ಮಲೆನಾಡಿನವರೂ ಕರಾವಳಿಯವರೂ ಐಪಿಎಕ್ಸ್7 ಎಂಬ ಗುರುತನ್ನು ಗಮನಿಸಲಿ. ಒಂದು ಮೀಟರ್ ಆಳದ ನೀರಿನಲ್ಲಿ ಮೂವತ್ತು ನಿಮಿಷ ಮುಳುಗಿದರೂ ಕೆಡದೆಂದು ಅದರ ಅರ್ಥ. ದುರಸ್ತಿಯ ಹೊಣೆಯನ್ನು ನಮ್ಮ ದೇಶದಲ್ಲಿ ಯಾರು ಹೊರುವರೆಂದು ಕೇಳಿ ಬರೆಯಿಸಿಕೊಳ್ಳಬೇಕು. ಹಳೆಯ ಯಂತ್ರವನ್ನು ಕೊಳ್ಳುವುದಾದರೆ ಬ್ಯಾಟರಿ ಎಷ್ಟು ಹೊತ್ತು ನಡೆಯುವುದೆಂದು ಪರೀಕ್ಷಿಸದೆ ಹಣ ಕೊಡಬಾರದು.

ಮನೆಯವರು ಅರಿತಿರಬೇಕಾದ ಒಂದು ಎಚ್ಚರಿಕೆಯುಂಟು. ಉಪಗ್ರಹದ ಯಂತ್ರಗಳು ಬರೆದಿಟ್ಟ ದಾರಿಯನ್ನು ಸವಾರರು ಅಂತರ್ಜಾಲದಲ್ಲಿ ಸ್ನೇಹಿತರೊಡನೆ ಹಂಚಿಕೊಳ್ಳುವುದುಂಟು. ಸ್ಟ್ರಾವಾ ಎಂಬ ಸಂಸ್ಥೆಯು ಪ್ರಕಟಿಸಿದ್ದ ಇಂಥ ದಾರಿಗಳ ನಕ್ಷೆಯಿಂದ ಸೈನ್ಯದ ನೆಲೆಗಳೇ ಹೊರಬಿದ್ದುವೆಂಬುದು 2018ರಲ್ಲಿ ಜಗತ್ತಿಗೆ ತಿಳಿಯಿತು. ಸೈನ್ಯದ ಗುಟ್ಟೇ ನಿಲ್ಲದಿದ್ದರೆ ನಮ್ಮ ಮನೆಯ ಗುಟ್ಟು ನಿಲ್ಲುವುದೇ? ಮಗಳು ಪ್ರತಿದಿನ ಯಾವ ಹೊತ್ತಿಗೆ ಯಾವ ಬಾಗಿಲಿನಿಂದ ಹೊರಡುವಳೆಂಬುದನ್ನು ಅಪರಿಚಿತರು ಓದುವಂತಾಗಬಾರದು. ದಾರಿಯ ಮೊದಲನ್ನೂ ಕೊನೆಯನ್ನೂ ಮರೆಮಾಡುವ ಏರ್ಪಾಡು ಅಂಥ ತಾಣಗಳಲ್ಲಿಯೇ ಇರುವುದು. ಯಂತ್ರ ಮನೆಗೆ ಬಂದ ದಿನವೇ ಅದನ್ನು ಸರಿಪಡಿಸಿಡತಕ್ಕದ್ದು.

ಕಡೆಯದಾಗಿ ಖರ್ಚಿನ ಅನುಕ್ರಮದ ಮಾತು. ಒಳ್ಳೆಯ ಬ್ರೇಕು, ಮುಂದೆ ಹಿಂದೆ ದೀಪ, ತಲೆಗೆ ಹೆಲ್ಮೆಟ್ಟು, ಸವೆಯದ ಟಯರು ಇವು ಆದಮೇಲೆ ಮಿಕ್ಕ ಹಣವೇ ಗಣಕದ ಪಾಲು. ವೇಗವನ್ನು ಕರಾರುವಾಕ್ಕಾಗಿ ಅಳೆಯುವ ಯಂತ್ರವಿದ್ದು, ಆ ವೇಗವನ್ನು ತಡೆಯುವ ಬ್ರೇಕು ಇಲ್ಲದಿದ್ದರೆ ಏನು ಪ್ರಯೋಜನ? ಸವಾರಿಯಲ್ಲಿ ಯಂತ್ರದ ಕಡೆಗೆ ಒಂದು ಕ್ಷಣದ ನೋಟ ಸಾಕು. ಉಳಿದ ಕಾಲವೆಲ್ಲ ಕಣ್ಣು ರಸ್ತೆಗೇ ಮೀಸಲಾಗಿರಲಿ. ಇಷ್ಟನ್ನು ಮನೆಯಲ್ಲಿ ಕೂಡಿ ಆಲೋಚಿಸಿ ಕೊಂಡವರಿಗೆ ಸಾವಿರದ ಯಂತ್ರವೂ ಬಹುಕಾಲ ಸಂತೋಷವನ್ನು ಕೊಡುವುದರಲ್ಲಿ ಸಂದೇಹವಿಲ್ಲ.