ಡ್ರಿಲ್ ಬಿಟ್‌ನ ಹೊನ್ನ ಹೊದಿಕೆ

ಬೆಂಗಳೂರಿನ ಪೀಣ್ಯದ ವರ್ಕ್‌ಶಾಪ್‌ಗಳಲ್ಲಿ ಮೆಷಿನ್ ಪಕ್ಕದ ಟ್ರೇ ಇಣುಕಿದರೆ ಚಿನ್ನದ ಬಣ್ಣದ ಡ್ರಿಲ್ ಬಿಟ್‌ಗಳೂ ನೇರಳೆಗಪ್ಪು ಎಂಡ್ ಮಿಲ್‌ಗಳೂ ಕಾಣುತ್ತವೆ. ಅಂದಕ್ಕೆಂದು ಬಳಿದ ಬಣ್ಣವಲ್ಲ ಅದು. ಚಿನ್ನದಂತೆ ಹೊಳೆಯುವುದು ಟೈಟಾನಿಯಂ ನೈಟ್ರೈಡ್. ಅದಕ್ಕೆ ಅಲ್ಯೂಮಿನಿಯಂ ಬೆರೆತರೆ ಬಣ್ಣ ಕಪ್ಪಿಗೆ ತಿರುಗುತ್ತದೆ. ಈ ಹೊದಿಕೆಯ ದಪ್ಪ ಸಾಮಾನ್ಯವಾಗಿ 2ರಿಂದ 5 ಮೈಕ್ರಾನ್, ತಲೆಗೂದಲಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಟೂಲ್ ಎಷ್ಟು ಹೊತ್ತು ಬಾಳುತ್ತದೆ ಎಂಬುದನ್ನು ಬಹುಮಟ್ಟಿಗೆ ಈ ಪೊರೆಯೇ ನಿರ್ಧರಿಸುತ್ತದೆ.

ಉಕ್ಕು ಕತ್ತರಿಸುವಾಗ ಮೊನೆ ಸವೆಯುವುದು ಬರೀ ಉಜ್ಜಾಟದಿಂದಲ್ಲ. ಜಾಬ್‌ನಲ್ಲಿರುವ, ಅಂದರೆ ಕತ್ತರಿಸುತ್ತಿರುವ ತುಂಡಿನಲ್ಲಿರುವ, ಗಡಸು ಕಣಗಳು ಅದನ್ನು ಗೀರುತ್ತವೆ. ವೇಗ ಏರಿಸಿದರೆ ಮೊನೆ ನೂರಾರು ಡಿಗ್ರಿ ಕಾಯುತ್ತದೆ. ಆ ಕಾವಿಗೆ ಲೋಹ ಟೂಲ್‌ಗೆ ಅಂಟಿಕೊಂಡು, ಬಿಟ್ಟುಹೋಗುವಾಗ ಅದರದೇ ಚೂರನ್ನು ಕಿತ್ತೊಯ್ಯುತ್ತದೆ. ಇಷ್ಟನ್ನೂ ಒಂದೇ ವಸ್ತು ತಡೆಯುವುದು ಕಷ್ಟ. ಲೇತ್‌ನಲ್ಲಿ ಬಳಸುವ ಕಾರ್ಬೈಡ್ ಇನ್ಸರ್ಟ್‌ಗಳಲ್ಲಿ ಅದಕ್ಕೇ ಕೆಲಸ ಹಂಚಿಕೆ: ಗೀರು ತಡೆಯಲು ಕೆಳಗೆ ಟೈಟಾನಿಯಂ ಕಾರ್ಬೋನೈಟ್ರೈಡ್, ಕಾವು ತಡೆಯಲು ಅದರ ಮೇಲೆ ಅಲ್ಯೂಮಿನಿಯಂ ಆಕ್ಸೈಡ್. ಎಲ್ಲಕ್ಕೂ ಮೇಲೆ ಚಿನ್ನದ ಬಣ್ಣದ ಪದರ. ಅದರಿಂದ ಮುಖ್ಯ ಲಾಭ ಆಪರೇಟರ್‌ಗೆ. ಯಾವ ಮೂಲೆ ಬಳಸಿ ಆಗಿದೆ ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ.

ಇನ್ನೂ ಸೂಕ್ಷ್ಮವಾದ ಪದರಗಳಿವೆ. 1987ರಲ್ಲಿ ಸ್ವೀಡನ್ನಿನ ಲಿನ್‌ಶೋಪಿಂಗ್‌ನ ವಿಜ್ಞಾನಿಗಳು ಟೈಟಾನಿಯಂ ನೈಟ್ರೈಡ್ ಮತ್ತು ವನೇಡಿಯಂ ನೈಟ್ರೈಡ್‌ಗಳನ್ನು ಕೆಲವೇ ನ್ಯಾನೋಮೀಟರ್ ದಪ್ಪಕ್ಕೆ ಒಂದರ ಮೇಲೊಂದು ಕೂರಿಸಿದರು. ಬಂದ ಗಡಸುತನ ಎರಡರಲ್ಲಿ ಯಾವೊಂದರ ಗಡಸುತನದ ದುಪ್ಪಟ್ಟಿಗಿಂತಲೂ ಹೆಚ್ಚು! ಪದರ ಬದಲಾಗುವ ಪ್ರತಿ ಗಡಿಯೂ ಹರಳಿನೊಳಗಿನ ಜಾರುವಿಕೆಯನ್ನು ಅಡ್ಡಗಟ್ಟುತ್ತದೆ. ಮೇಲಿನಿಂದ ಇಳಿವ ಬಿರುಕು ಕೂಡ ಅಂಥ ಗಡಿಯಲ್ಲಿ ಅಡ್ಡ ತಿರುಗಿ ಬಲ ಕಳೆದುಕೊಳ್ಳುತ್ತದೆ. ಚಿರೋಟಿ ಪದರ ಪದರವಾಗಿರುವುದರಿಂದ ಮುಟ್ಟಿದರೆ ಉದುರುತ್ತದೆ. ಈ ಹೊದಿಕೆ ಪದರಗಳಿರುವುದರಿಂದಲೇ ಉದುರದೆ ನಿಲ್ಲುತ್ತದೆ. ನನ್ನ ಮಟ್ಟಿಗೆ ಈ ವಿದ್ಯೆಯ ಜಾಣತನವೆಲ್ಲ ಇರುವುದು ಇಲ್ಲೇ, ಬರೀ ಗಡಸುತನದಲ್ಲಲ್ಲ. ಗಡಸಾದದ್ದು ಸಾಮಾನ್ಯವಾಗಿ ಪೆಡಸೂ ಆಗಿರುತ್ತದೆ.

ಕೋಟಿಂಗ್ ಹಾಕುವ ಘಟಕದಲ್ಲಿ ಹೆಚ್ಚಿನ ಶ್ರಮ ತೊಳೆಯುವುದಕ್ಕೇ. ಬೆರಳಿನ ಜಿಡ್ಡು ಉಳಿದರೂ ಪೊರೆ ಸಿಪ್ಪೆಯೇಳುತ್ತದೆ. ತೊಳೆದ ಟೂಲ್‌ಗಳನ್ನು ನಿರ್ವಾತ ಕೋಣೆಯಲ್ಲಿ ತಿರುಗುವ ಸ್ಟ್ಯಾಂಡ್‌ಗೆ ಸಿಕ್ಕಿಸಿ, ಮೊದಲು ಆರ್ಗಾನ್ ಅಯಾನುಗಳಿಂದ ಮೇಲ್ಮೈ ಕೆರೆಯುತ್ತಾರೆ. ಆಮೇಲೆ ವಿದ್ಯುತ್ ಆರ್ಕ್ ಟೈಟಾನಿಯಂ ಗಟ್ಟಿಯನ್ನು ಆವಿಯಾಗಿಸುತ್ತದೆ, ನೈಟ್ರೋಜನ್ ಅದರೊಂದಿಗೆ ಕೂಡುತ್ತದೆ. ಸುತ್ತುತ್ತಿರುವ ಟೂಲ್ ಬೇರೆ ಬೇರೆ ಲೋಹದ ಗಟ್ಟಿಗಳ ಮುಂದೆ ಹಾದಂತೆಲ್ಲ ಪದರಗಳು ಕೂಡುತ್ತಾ ಹೋಗುತ್ತವೆ. ಕಾವು 500 ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು. ಇನ್ಸರ್ಟ್‌ಗಳಿಗೆ ಹಾಕುವ ಹಳೆಯ ವಿಧಾನದಲ್ಲಿ ಅದು 1000 ಡಿಗ್ರಿಗೆ ಏರುತ್ತದೆ. ಕಾರ್ಬೈಡ್ ತಾಳುತ್ತದೆ, ಹೈಸ್ಪೀಡ್ ಸ್ಟೀಲ್ ಮೆತ್ತಗಾಗಿಬಿಡುತ್ತದೆ.

ಕೊಳ್ಳುವವರಿಗೆ ಒಂದು ಮಾತು. ಚಿನ್ನದ ಬಣ್ಣ ನೋಡಿ ಮರುಳಾಗಬೇಡಿ. ಕೆಳಗಿರುವ ಉಕ್ಕು ಕಳಪೆಯಾದರೆ ಮೇಲಿನ ಹೊದಿಕೆ ಏನೂ ಮಾಡಲಾರದು. ಅಲ್ಯೂಮಿನಿಯಂ ಜಾಬ್ ಇದ್ದರೆ ಅಲ್ಯೂಮಿನಿಯಂ ಬೆರೆತ ಕೋಟಿಂಗ್ ತರಬೇಡಿ, ಲೋಹ ಅಂಟಿಕೊಳ್ಳುತ್ತದೆ. ಪಾಲಿಶ್ ಮಾಡಿದ ಬರಿಯ ಕಾರ್ಬೈಡೇ ವಾಸಿ. ಸಾಣೆ ಹಿಡಿಸಿದ ಮುಖದಲ್ಲಿ ಹೊದಿಕೆ ಉಳಿದಿರುವುದಿಲ್ಲ. ದುಬಾರಿ ಟೂಲ್ ಆದರೆ ಮತ್ತೆ ಕೋಟಿಂಗ್ ಹಾಕಿಸಿಯೇ ಮೆಷಿನ್‌ಗೆ ಏರಿಸಿ.